ಆರು ವರ್ಷದ ಕಾಲು ಒದ್ದ ಚೆಂಡು

ಪುನರ್ವಸತಿ ಕೇಂದ್ರ, ಬೀಳಗಿ ತಾಲ್ಲೂಕು
9 ಜುಲೈ 2011, ಶನಿವಾರ

ನನ್ನ ಪೂನಮ್‌ಗೆ,

ಅಪ್ಪನ ಆಶೀರ್ವಾದ. ಇಲ್ಲಿ ನಾವು ಆರಾಮ, ಅಲ್ಲಿ ನೀವು ಆರಾಮ ಇದ್ದೀರೆಂದು ನಂಬಿದ್ದೇನೆ ಎಂದು ಶುರು ಮಾಡುವುದು ರೂಢಿ. ಆದರೆ ನೀನು ಆರಾಮಿಲ್ಲ ಎಂದು ನಿನ್ನ ಅವ್ವನೇ ಬರೆದಿರುವುದರಿಂದ ಆ ಸಾಲು ಬಿಟ್ಟಿದ್ದೇನೆ.

ನಿನ್ನನ್ನು ಕರೆದುಕೊಂಡು ಬನಹಟ್ಟಿಗೆ ಹೋದ ನಿನ್ನ ಅವ್ವ ನನಗೆ ಕಾಗದ ಬರೆದು ನಾಲ್ಕು ವರ್ಷವಾಗಿತ್ತು. ನಿನ್ನೆ ಮಧ್ಯಾಹ್ನ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದಾಗ ಟಪಾಲಿನ ಮುದಕಪ್ಪ ಸೈಕಲ್ಲನ್ನು ಮೈದಾನದೊಳಗೇ ತಂದ. 'ಸರ, ಬನಹಟ್ಟಿ ಸಿಕ್ಕಾ ಬಡದೈತ್ರಿ, ಅಕ್ಕಾವ್ರದ ಇರಬೇಕು' ಎಂದು ಲಕೋಟೆಯ ಮುದ್ರೆ ತೋರಿಸಿ ಕೈಗೆ ಕೊಟ್ಟು, ನಾನು ಒಡೆಯುವವರೆಗೆ ಅಲ್ಲೇ ನಿಂತಿದ್ದ. ಒಡೆದು ಓದಿದ ಮೇಲೆ ನಾನು ಮಕ್ಕಳಿಗೆ 'ವಿಶ್ರಾಮ್' ಹೇಳುವುದನ್ನೇ ಮರೆತೆ. ಪಾಪ, ಅವರು ಕೈ ಮೇಲೆತ್ತಿಕೊಂಡು ಎಷ್ಟೋ ಹೊತ್ತು ನಿಂತಿದ್ದರು.

ಅವ್ವ ಬರೆದದ್ದು ಒಂದೇ ಪುಟ. ನಿಮ್ಮ ಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುತ್ತಿದ್ದಾರೆ, ಹೊಸದಾಗಿ ಬಂದ ಮಧುಮತಿ ಟೀಚರ್ ನಿನ್ನ ಎತ್ತರ ನೋಡಿ ನಿನ್ನನ್ನೂ ಸೇರಿಸಿಕೊಂಡಿದ್ದಾರೆ, ಈ ತಿಂಗಳ ಇಪ್ಪತ್ತೈದಕ್ಕೆ ಜಮಖಂಡಿಯಲ್ಲಿ ಆಯ್ಕೆ ಇದೆ. ಮೊದಲ ದಿನ ಚೆಂಡು ಉರುಳುತ್ತಾ ನಿನ್ನ ಕಡೆ ಬಂದಾಗ ನೀನು ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಳಿತೆಯಂತೆ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದವಳು ಮೂರು ದಿನ ನೆಟ್ಟಗೆ ಉಣ್ಣಲಿಲ್ಲವಂತೆ. ಅವ್ವ ಮತ್ತೆ ಮತ್ತೆ ಕೇಳಿದ್ದಕ್ಕೆ ನೀನು ಅಂದ ಮಾತನ್ನು ಅವಳು ಹಾಗೆಯೇ ಬರೆದಿದ್ದಾಳೆ: 'ನಾ ಒದ್ದ ಚೆಂಡ ತರಾಕ ಹೋಗಿ ಅಣ್ಣ ಸತ್ತ. ಇನ್ನ ಯಾರ್ನ ಕಳಸ್ಲಿ?' ಅದರ ಕೆಳಗೆ, 'ಇದಕ್ಕ ನೀವ ಉತ್ತರ ಕೊಡ್ರಿ' ಎಂದಷ್ಟೇ ಇದೆ. ಸಹಿ ಕೂಡ ಇಲ್ಲ.

ಫೋನ್ ಹಚ್ಚಬಹುದಿತ್ತು. ಆದರೆ ಫೋನಿನಲ್ಲಿ ಎದುರಿನವರು 'ಹೂಂ' ಎಂದರೆ ಸಾಕು, ನಾನು ಮಳೆ ಬೆಳೆಯ ಮಾತಿಗೆ ಜಾರಿಬಿಡುತ್ತೇನೆ. ಕಾಗದದಲ್ಲಾದರೆ ನಡುವೆ ಹೂಂಗುಟ್ಟುವವರು ಯಾರೂ ಇಲ್ಲ.

ಉತ್ತರ ಕೊಡುವ ಮೊದಲು ನಿನಗೆ ಸ್ವಲ್ಪ ಆಟ ಕಲಿಸುತ್ತೇನೆ. ಇಪ್ಪತ್ತು ವರ್ಷ ಪಿ.ಟಿ. ಮಾಸ್ತರನಾಗಿ ಊರ ಮಕ್ಕಳಿಗೆಲ್ಲ ಕಲಿಸಿದೆ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಕಲಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಉತ್ತರ ಕೊಡುವುದನ್ನು ಮುಂದೂಡಲು ಅಪ್ಪ ಇಷ್ಟೆಲ್ಲ ಬರೆಯುತ್ತಿದ್ದಾನೆ ಎಂದು ನಿನಗೆ ಅನಿಸಿದರೆ ಅದೂ ಖರೆ. ಆದರೂ ಓದು. ನನ್ನ ಉತ್ತರ ಆಟ ಬಲ್ಲವರಿಗೆ ಮಾತ್ರ ಅರ್ಥವಾಗುವಂಥದ್ದು.

ಮೊದಲು ಚೆಂಡನ್ನು ನಿಲ್ಲಿಸುವುದು. ಹೊಸಬರೆಲ್ಲ ಒದೆಯುವುದನ್ನೇ ಮೊದಲು ಕಲಿಯಬೇಕು ಅಂದುಕೊಳ್ಳುತ್ತಾರೆ. ನಿಲ್ಲಿಸಲು ಬಾರದವರಿಗೆ ಒದೆಯಲು ಚೆಂಡು ಸಿಗುವುದೇ ಇಲ್ಲ. ಚೆಂಡು ನಿನ್ನ ಕಡೆ ಬರುವಾಗ ಅದಕ್ಕೆ ನೇರವಾಗಿ ನಿಲ್ಲು. ಮೊಣಕಾಲು ಸ್ವಲ್ಪ ಬಗ್ಗಿರಲಿ. ಒಂದು ಪಾದವನ್ನು ಹಿಮ್ಮಡಿ ಕೆಳಗೆ, ಬೆರಳು ಮೇಲೆ ಮಾಡಿ ಗೇಣಿಗಿಂತ ಕಡಿಮೆ ಎತ್ತರದಲ್ಲಿ ಹಿಡಿ. ಚೆಂಡು ಆ ಪಾದದ ಕೆಳಗೆ ಬಂದು ಸಿಕ್ಕಿಕೊಳ್ಳುತ್ತದೆ, ನೀನು ತುಳಿಯಬಾರದು. ತುಳಿದರೆ ಚೆಂಡು ಜಾರುತ್ತದೆ, ನೀನು ಬೆನ್ನ ಮೇಲೆ ಬೀಳುತ್ತೀ, ಎಲ್ಲರೂ ನಗುತ್ತಾರೆ. ನಕ್ಕರೆ ನಗಲಿ, ಬಿದ್ದವರೇ ಆಟ ಕಲಿಯುವುದು. ಕಣ್ಣು ಮಾತ್ರ ಮುಚ್ಚಬೇಡ. ಬರುವ ಚೆಂಡನ್ನು ಕೊನೆಯವರೆಗೆ ನೋಡಿದವರಿಗೆ ಅದರ ಅಂಜಿಕೆ ಅರ್ಧ ಕಡಿಮೆ.

ಎರಡನೆಯದು, ಹತ್ತಿರದವರಿಗೆ ಚೆಂಡು ಕೊಡುವುದು. ಬೆರಳಿನ ತುದಿಯಿಂದ ಒದೆಯಬಾರದು. ಬರಿಗಾಲಿನಲ್ಲಿ ಒದ್ದರೆ ಉಗುರು ಹೋಗುತ್ತದೆ, ಬೂಟಿನಲ್ಲಿ ಒದ್ದರೆ ಚೆಂಡು ಎತ್ತ ಹೋಗುತ್ತದೋ ದೇವರಿಗೇ ಗೊತ್ತು. ಪಾದವನ್ನು ಹೊರಗೆ ತಿರುಗಿಸಿ, ಹೆಬ್ಬೆರಳಿಗೂ ಹಿಮ್ಮಡಿಗೂ ನಡುವೆ ಒಳಬದಿಯಲ್ಲಿ ಅಗಲವಾದ ಜಾಗ ಇದೆಯಲ್ಲ, ಅದರಿಂದ ನೂಕಬೇಕು. ಆಧಾರಕ್ಕೆ ನಿಂತ ಕಾಲು ಚೆಂಡಿನ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿರಲಿ. ಆ ಕಾಲಿನ ಬೆರಳು ಯಾರ ಕಡೆ ನೋಡುತ್ತದೋ ಚೆಂಡು ಅವರ ಕಡೆ ಹೋಗುತ್ತದೆ. ಹೊಸಬರು ಒದೆಯುವ ಕಾಲಿನ ಚಿಂತೆ ಮಾಡುತ್ತಾರೆ, ಕೆಲಸ ಮಾಡುವುದು ನಿಂತ ಕಾಲು. ಚೆಂಡು ಅಡ್ಡದಿಡ್ಡಿ ಹೋದರೆ ಮೈದಾನ ಸರಿಯಿಲ್ಲ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಮೊದಲು ನಿನ್ನ ನಿಂತ ಕಾಲು ನೋಡಿಕೋ.

ಮೂರನೆಯದು ನಿನ್ನ ಅಜ್ಜ ಕಾಮಣ್ಣನಿಂದ ಬಂದದ್ದು. ಅವನಿಗೆ ಫುಟ್‌ಬಾಲಿನ ಗಂಧವೂ ಇರಲಿಲ್ಲ. ಜಿಲ್ಲೆ ಹೊಸದಾಗಿ ಆದ ವರ್ಷ ನಮ್ಮ ಹಳೆಯ ಊರಿನ ಶಾಲೆಗೆ ಆಟದ ಸಾಮಾನು ಬಂತು, ಎರಡು ಫುಟ್‌ಬಾಲ್, ಒಂದು ಸೀಟಿ, ಎರಡು ಬಲೆ. ಗೋಲ್ ಕಂಬ ಇನ್ನೂ ನೆಟ್ಟಿರಲಿಲ್ಲ, ಬಲೆಯನ್ನು ಮನೆಯಲ್ಲಿಟ್ಟಿದ್ದೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಅಜ್ಜ ಎರಡೂ ಬಲೆ ಸೇರಿಸಿ ಹಿತ್ತಲಲ್ಲಿ ಕುರಿಮರಿಗಳಿಗೆ ದೊಡ್ಡಿ ಮಾಡಿದ್ದ. 'ಇಷ್ಟ ಛಲೋ ಬಲಿ, ಚೆಂಡ ಹಿಡ್ಯಾಕ ಕೊಟ್ಟಾರೇನಲೇ? ಮರಿ ಹಿಡ್ಯಾಕ ಕೊಟ್ಟಿರಬೇಕು, ನೀ ತಪ್ಪ ಓದೀಯ' ಎಂದ. ಆ ಬಲೆ ಬಿಡಿಸಿಕೊಳ್ಳಲು ನನಗೆ ಹದಿನೈದು ದಿನ ಹಿಡಿಯಿತು. ಆದರೆ ಅವನು ಒಂದು ಸಲ ಶಾಲೆಯ ಬದಿಯಲ್ಲಿ ಕುಳಿತು ಆಟ ನೋಡಿ ಹೇಳಿದ ಮಾತನ್ನು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಮಕ್ಕಳೆಲ್ಲ ಚೆಂಡಿನ ಹಿಂದೆ ಒಂದೇ ಗುಂಪಾಗಿ ಓಡುತ್ತಿದ್ದರು. ನಾನು ಸಿಟ್ಟಿನಿಂದ ಕುರಿ ಹಾಗೆ ನುಗ್ಗಬೇಡಿ ಎಂದು ಕೂಗಿದೆ. ಅಜ್ಜ ಆಮೇಲೆ ನನ್ನನ್ನು ಕರೆದು, 'ಕುರಿ ಮೇಯೂ ಮುಂದ ಎಂದೂ ಗುಂಪ ಆಗೂದಿಲ್ಲ, ಹರಡಿಕೊಂಡ ಮೇಯ್ತಾವು. ಅಂಜಿದಾಗಷ್ಟ ಗುಂಪ ಆಗ್ತಾವು. ನಿನ್ನ ಹುಡುಗ್ರು ಅಂಜ್ಯಾರ, ಬೈಬ್ಯಾಡ' ಎಂದ. ಅಂದಿನಿಂದ ನಾನು ಹೊಸಬರಿಗೆ ಹೇಳುವುದು ಇಷ್ಟೇ: ಚೆಂಡಿನಿಂದ ದೂರ ನಿಂತವರೂ ಆಡುತ್ತಿರುತ್ತಾರೆ. ನಿನ್ನನ್ನು ಹಿಂದೆ ನಿಲ್ಲಿಸಿದ್ದಾರಂತೆ. ಅಲ್ಲೇ ನಿಲ್ಲು. ತಲೆ ಎತ್ತಿ ಇಡೀ ಮೈದಾನ ನೋಡು.

ಚೆಂಡು ಪಕ್ಕದ ಗೆರೆ ದಾಟಿ ಹೊರಗೆ ಹೋದರೆ ಏನು ಮಾಡಬೇಕು ಎಂಬುದೂ ಗೊತ್ತಿರಲಿ. ಕೊನೆಗೆ ಮುಟ್ಟಿದವರು ಯಾರೋ ಅವರ ಎದುರು ತಂಡಕ್ಕೆ ಚೆಂಡು ಸಿಗುತ್ತದೆ. ಎರಡೂ ಪಾದ ನೆಲಕ್ಕೆ ಹತ್ತಿರಬೇಕು, ಎರಡೂ ಕೈಯಿಂದ ಚೆಂಡನ್ನು ತಲೆಯ ಹಿಂದಿನಿಂದ ತಂದು ಒಳಗೆ ಎಸೆಯಬೇಕು. ಎಸೆಯುವುದು ಸುಲಭ. ಕೊನೆಗೆ ಮುಟ್ಟಿದವರು ಯಾರು ಎಂಬುದಕ್ಕೇ ಜಗಳ. ರೆಫರಿಗೆ ಒಮ್ಮೊಮ್ಮೆ ಕಾಣುವುದಿಲ್ಲ. ಮುಟ್ಟಿದವನಿಗೆ ಮಾತ್ರ ಗೊತ್ತಿರುತ್ತದೆ. ಕೈ ಎತ್ತಿ ನಾನು ಎಂದು ಹೇಳಿದವರನ್ನು ನಾನು ಇಪ್ಪತ್ತು ವರ್ಷದಲ್ಲಿ ಒಂದು ಕೈಯ ಬೆರಳಿನಷ್ಟು ನೋಡಿದ್ದೇನೆ.

ಇನ್ನು ದೂರ ಒದೆಯುವುದು. ಇದನ್ನು ಎರಡು ಸಲ ಓದು. ಚೆಂಡಿಗೆ ನೇರ ಓಡಿ ಬರಬಾರದು, ಸ್ವಲ್ಪ ಓರೆಯಾಗಿ ನಾಲ್ಕೈದು ಹೆಜ್ಜೆ ಬರಬೇಕು. ನಿಂತ ಕಾಲು ಚೆಂಡಿಗಿಂತ ತುಸು ಹಿಂದೆ ಊರಬೇಕು. ಪಾದದ ಮೇಲ್ಭಾಗ, ಬೂಟಿನ ಲೇಸ್ ಕಟ್ಟುವ ಗಟ್ಟಿ ಎಲುಬು, ಚೆಂಡಿನ ನಡುವಿಗಿಂತ ಕೆಳಗೆ ತಾಗಬೇಕು. ಎದೆ ಹಿಂದಕ್ಕೆ ವಾಲಬೇಕು, ಸೊಂಟ ತಿರುಗಬೇಕು, ಒದ್ದ ಮೇಲೂ ಕಾಲು ಮುಂದೆ ಎದೆಮಟ್ಟಕ್ಕೆ ಹೋಗಬೇಕು. ಇಷ್ಟೂ ಕೂಡಿದರೆ ಚೆಂಡು ಗಾಳಿಗೇರುತ್ತದೆ, ಮೂವತ್ತು ನಲವತ್ತು ಹೆಜ್ಜೆ ಹೋಗುತ್ತದೆ. ಇದು ದೊಡ್ಡವರ ತೊಡೆಯ ಕೆಲಸ. ದೊಡ್ಡ ಚೆಂಡು ಹತ್ತಿರ ಹತ್ತಿರ ಅರ್ಧ ಕಿಲೋ ತೂಗುತ್ತದೆ. ಹೈಸ್ಕೂಲಿನ ಹುಡುಗರಲ್ಲೇ ಇದು ಬರುವವರು ತಂಡಕ್ಕೆ ಇಬ್ಬರೋ ಮೂವರೋ.

ಚಿಕ್ಕ ಮಗು ಒದ್ದರೆ ಚೆಂಡು ಏಳುವುದೇ ಇಲ್ಲ, ಉರುಳುತ್ತದೆ. ಎಷ್ಟು ದೂರ ಉರುಳುತ್ತದೆ ಎಂದು ನನಗೆ ಗೊತ್ತು. ನಮ್ಮ ಆವರಣದಲ್ಲೇ ಪ್ರಾಥಮಿಕ ಶಾಲೆಯೂ ಇದೆ. ಒಂಬತ್ತು ವರ್ಷದಿಂದ, ಪ್ರತಿ ಜೂನಿನಲ್ಲಿ, ಒಂದನೇ ಇಯತ್ತೆಗೆ ಬಂದ ಪ್ರತಿಯೊಂದು ಮಗುವಿನಿಂದ ನಾನು ದೊಡ್ಡ ಚೆಂಡನ್ನು ಒಂದು ಸಲ ಒದೆಸುತ್ತೇನೆ. ಆಮೇಲೆ ಹೆಜ್ಜೆ ಅಳೆಯುತ್ತೇನೆ. ಮಾಸ್ತರರಿಗೆ ಸಣ್ಣವರ ಮೇಲೆ ಎಷ್ಟು ಪ್ರೀತಿ ಎಂದು ಊರವರು ಹೊಗಳುತ್ತಾರೆ. ಇನ್ನೂರಕ್ಕೂ ಹೆಚ್ಚು ಮಕ್ಕಳು ಒದ್ದಿದ್ದಾರೆ. ಬಹಳ ಮಕ್ಕಳದು ಏಳೆಂಟು ಹೆಜ್ಜೆಗೆ ನಿಲ್ಲುತ್ತದೆ. ಎಲ್ಲರಿಗಿಂತ ದೂರ ಹೋದದ್ದು ಹನ್ನೆರಡು ಹೆಜ್ಜೆ, ಅದೂ ಬಿಸಿಲಿಗೆ ಒಣಗಿ ಗಟ್ಟಿಯಾದ ನೆಲದ ಮೇಲೆ. ಹುಲ್ಲಿನ ಮೇಲಲ್ಲ.

ಆ ದಿನ ನಾವು ಹುಲ್ಲಿನ ಮೇಲೆ ನಿಂತಿದ್ದೆವು ಪೂನಮ್. ನೀರು ಅಲ್ಲಿಂದ ಇಪ್ಪತ್ತೈದು ಹೆಜ್ಜೆ ದೂರವಿತ್ತು. ಚೆಂಡು ನೀರೊಳಗೆ ಇನ್ನೂ ಹದಿನೈದು ಹೆಜ್ಜೆ ಆಚೆ ಬಿತ್ತು.

ಈಗ ಆ ದಿನದ ಮಾತು ಹೇಳುತ್ತೇನೆ. ನಿನಗೆ ಆರು ವರ್ಷ, ನಿನ್ನ ಅಣ್ಣ ಸಂಜುನಿಗೆ ಒಂಬತ್ತು. ನಮ್ಮ ಹಳೆಯ ಊರು, ಬೀರೇಶ್ವರನ ಗುಡಿ ಸಮೇತ, ಅಣೆಕಟ್ಟಿನ ಹಿನ್ನೀರಿನೊಳಗೆ ಹೋಗಿ ಎರಡು ವರ್ಷವಾಗಿತ್ತು. ದೇವರನ್ನು ಹೊಸ ಊರಿಗೆ ತಂದು ಕೂಡಿಸಿದ್ದರೂ ಹಿರಿಯರಿಗೆ ಸಮಾಧಾನವಿರಲಿಲ್ಲ. ದಸರೆಯ ದಿನ ಎಲ್ಲರೂ ಟ್ರ್ಯಾಕ್ಟರಿನಲ್ಲಿ ಹೊರಟು ನೀರಿನ ದಂಡೆಗೆ ಹೋಗಿ, ಗುಡಿ ಇದ್ದ ದಿಕ್ಕಿಗೆ ಕೈ ಮುಗಿದು ನೀರಿನಲ್ಲಿ ಬನ್ನಿ ಬಿಟ್ಟು, ಆಮೇಲೆ ಒಬ್ಬರಿಗೊಬ್ಬರು ಬನ್ನಿ ಕೊಡುತ್ತಿದ್ದರು. ಆ ವರ್ಷ ನಾನು ಮಕ್ಕಳಿಗೆಂದು ಶಾಲೆಯ ಚೆಂಡನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ನಿನ್ನ ಅವ್ವ ಮತ್ತು ಅಜ್ಜಿ ಪದ್ಮವ್ವ ಬೆನ್ನು ತಿರುಗಿಸಿ ನೈವೇದ್ಯದ ಗಂಟು ಬಿಚ್ಚುತ್ತಿದ್ದರು. ನೀನು ಒಂದು ಸಲ ಒದ್ದದ್ದು ಖರೆ. ಚೆಂಡು ಹುಲ್ಲಿನ ಮೇಲೆ ಐದಾರು ಹೆಜ್ಜೆ ಉರುಳಿ ನನ್ನ ಗೆಳೆಯ ಸಿದರಾಯನ ಕಾಲಿಗೆ ತಾಗಿ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಿನ್ನ ಆಟ ಅಷ್ಟಕ್ಕೇ ಮುಗಿಯಿತು.

ಸಿದರಾಯ ಚೆಂಡನ್ನು ನನ್ನ ಕಡೆ ತಳ್ಳಿ, 'ಮಾಸ್ತರ, ಮಗಳ ಒದ್ದಿದ್ದ ನೋಡಿದಿವಿ, ಇನ್ನ ಅಪ್ಪ ಒದೀಲಿ. ಹೊಳಿ ದಾಟಸ್ತಿ ಏನ?' ಎಂದ. ನಾನು ಚಪ್ಪಲಿ ಬಿಟ್ಟೆ. ಓರೆಯಾಗಿ ಐದು ಹೆಜ್ಜೆ ಬಂದು ಒದ್ದೆ. ಅಂಥ ಒದೆತ ನನಗೆ ಜಮಖಂಡಿಯ ಹಾಸ್ಟೆಲ್ ದಿನಗಳಲ್ಲೂ ಬಿದ್ದಿರಲಿಲ್ಲ. ಚೆಂಡು ಮೇಲೆ ಹೋಗುವುದನ್ನು ನೋಡುತ್ತಾ ಖುಷಿಯಿಂದ ನಿಂತಿದ್ದೆ. ಅದು ನೀರಿಗೆ ಬಿದ್ದಾಗ ಎಲ್ಲರೂ ಸೀಟಿ ಹೊಡೆದರು.

ಸಂಜು ಓಡಿ ಬಂದು 'ಅಪ್ಪಾ, ನಾ ತರ್ಲಿ?' ಎಂದು ಕೇಳಿದ. ಕೇಳದೆ ಹೋಗುವ ಹುಡುಗ ಅವನಲ್ಲ, ಅದು ನಿನಗೂ ನೆನಪಿರಬೇಕು. ನಾನು, 'ಹೋಗಲೇ, ಮೊಣಕಾಲ ಮಟ ನೀರೈತಿ. ಹೊಸಾ ಪ್ಯಾಂಟ ಏರಿಸಿಕೊಂಡ ಹೋಗು' ಎಂದೆ. ಅವನು ಒಂದೊಂದೇ ಮಡಿಕೆ ಮಾಡಿ ಎರಡೂ ಕಾಲಿನ ಪ್ಯಾಂಟ್ ಏರಿಸಿಕೊಂಡ. ನೀರು ಖರೇನೇ ಮೊಣಕಾಲು ಮಟ್ಟವೇ ಇತ್ತು. ಚೆಂಡಿನ ಹತ್ತಿರ ಹೋಗಿ ಒಂದು ಸಲ ತಿರುಗಿ ನನ್ನನ್ನು ನೋಡಿದ. ಅದು ನೀರಿನಡಿ ಹೋದ ನಮ್ಮ ಹಳೆಯ ಶಾಲೆಯ ಮೈದಾನ. ಅಲ್ಲಿ ಯಾರೋ ಮಣ್ಣು ತೆಗೆದು ಹೊಂಡ ಮಾಡಿ ಬಿಟ್ಟಿದ್ದರು. ಮುಂದಿನ ಹೆಜ್ಜೆ ಅದರೊಳಗೆ ಬಿತ್ತು. ಸಿದರಾಯ ಜಿಗಿದ, ನಾನೂ ಜಿಗಿದೆ, ಕೆಳಗೆ ರಾಡಿಯಲ್ಲಿ ಕೈಗೆ ಏನೂ ಸಿಗಲಿಲ್ಲ. ಸಿಕ್ಕಾಗ ತಡವಾಗಿತ್ತು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ದಂಡೆಯ ಮೇಲೆ ಅವನನ್ನು ಮಲಗಿಸಿದಾಗ ನಿನ್ನ ಅಜ್ಜಿ ಎದೆ ಬಡಿದುಕೊಳ್ಳುತ್ತಾ, 'ಚೆಂಡ ಯಾರ ಒದ್ದ್ರು, ನೀರಾಗ ಯಾರ ಹಾಕಿದ್ರು?' ಎಂದು ಕೇಳಿದಳು. ಕಂಡವರೆಲ್ಲ ನನ್ನ ಮುಖ ನೋಡಿದರು. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ನೀನೇ ಹೇಳಿದೆ, 'ನಾ ಒದ್ದೆ' ಎಂದು. ನೀನು ಸುಳ್ಳು ಹೇಳಲಿಲ್ಲ, ಒದ್ದಿದ್ದೆಯಲ್ಲ. ಆರು ವರ್ಷದ ಮಗುವಿಗೆ ಯಾವ ಒದೆತ ಎಂಬ ಲೆಕ್ಕ ಎಲ್ಲಿಂದ ಬರಬೇಕು. ಅಲ್ಲಿದ್ದ ಎಲ್ಲರೂ ಅದನ್ನು ಕೇಳಿಸಿಕೊಂಡರು, ಮಗನನ್ನು ಕಳೆದುಕೊಂಡವನ ಮುಂದೆ ನಿಜ ಎತ್ತುವ ಮನಸ್ಸು ಯಾರಿಗೂ ಆಗಲಿಲ್ಲ. ನಾನೂ ಕೇಳಿಸಿಕೊಂಡೆ. 'ಈಕಿ ಅಲ್ಲ, ನಾ' ಎಂದು ನಾನು ಹೇಳಬೇಕಿತ್ತು. ಮೂರು ಶಬ್ದ. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಮೌನ ನಿನ್ನ ಕೊರಳಿಗೆ ಕಟ್ಟಿದ ಕಲ್ಲು. ಮಣ್ಣು ಕೊಟ್ಟು ಬಂದ ದಿನ ಹೇಳಬೇಕೆಂದಿದ್ದೆ, ಅಂದು ನಿನ್ನ ಅವ್ವ ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ದಿನ ಕಳೆದ ಹಾಗೆ ನೀನು ಆ ಮಾತು ಎತ್ತಲೇ ಇಲ್ಲ. ಮಗು ಮರೆತಿದೆ, ನೆನಪಿಸುವುದೇ ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಇಂಥ ನೆಪಗಳು ಬೇಕಾದಷ್ಟು ಸಿಗುತ್ತವೆ. ಸಿದರಾಯ ಮಾತ್ರ ಬಿಡಲಿಲ್ಲ. ಈಗ ಹುನ್ನೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಸಿಕ್ಕಾಗಲೆಲ್ಲ, 'ಮಾಸ್ತರ, ಜಗತ್ತಿಗೆ ಹೇಳಬ್ಯಾಡ. ಆ ಕೂಸಿಗರ ಹೇಳು' ಎನ್ನುತ್ತಿದ್ದ. ಈಗ ಅವನು ಎದುರು ಬಂದರೆ ನಾನೇ ರಸ್ತೆ ಬದಲಿಸುತ್ತೇನೆ.

ಹೋದ ವರ್ಷ ನಾನು ಬನಹಟ್ಟಿಗೆ ಬಂದಿದ್ದಾಗ ಒಂದು ಸಂಗತಿ ನೋಡಿದೆ. ಓಣಿಯಲ್ಲಿ ನಿನ್ನ ಮುಂದೆ ಒಂದು ಕಲ್ಲು ಬಿದ್ದಿತ್ತು. ಯಾರಾದರೂ ಕಾಲಿನಿಂದ ಸರಿಸಿ ಮುಂದೆ ಹೋಗುತ್ತಾರೆ. ನೀನು ಬಗ್ಗಿ ಅದನ್ನು ಕೈಯಿಂದ ಎತ್ತಿ ಗೋಡೆಯ ಬುಡದಲ್ಲಿಟ್ಟು ಬಂದೆ. ಅನುರಾಧಾ ಮಗಳನ್ನು ಎಷ್ಟು ಛಲೋ ಬೆಳೆಸಿದ್ದಾಳೆ ಎಂದು ಹೆಮ್ಮೆಪಟ್ಟು, ಬಸ್ಸಿನಲ್ಲಿ ಮಹಾಲಿಂಗಪುರದವರೆಗೂ ಅದನ್ನೇ ನೆನೆದುಕೊಂಡು ಬಂದೆ. ನಿನ್ನೆ ಕಾಗದ ಓದಿದ ಮೇಲೆ ನೀನು ಆ ಕಲ್ಲನ್ನು ಯಾಕೆ ಕೈಯಿಂದ ಎತ್ತಿದೆ ಎಂದು ತಿಳಿಯಿತು. ಒಂಬತ್ತು ವರ್ಷದಿಂದ ನೀನು ಕಾಲಿನಿಂದ ಯಾವುದನ್ನೂ ಸರಿಸಿಲ್ಲ. ನೀನು ಹೊತ್ತದ್ದು ನನ್ನ ಪಾಪ.

ನನ್ನ ಮಾತನ್ನು ಹಾಗೆಯೇ ನಂಬು ಎಂದು ನಾನು ಕೇಳುವುದಿಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿದ್ದವನ ಮೇಲೆ ಒಂದೇ ಕಾಗದಕ್ಕೆ ನಂಬಿಕೆ ಹುಟ್ಟಬಾರದು. ಮಗಳನ್ನು ಸಮಾಧಾನ ಮಾಡಲು ಅಪ್ಪ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಿದ್ದಾನೆ ಎಂದು ನೀನು ಅಂದುಕೊಳ್ಳಬಹುದು. ನೀನು ಹಾಗೆ ಅಂದುಕೊಳ್ಳುವ ಹುಡುಗಿಯೇ. ಅದಕ್ಕೇ ಇಷ್ಟೆಲ್ಲ ಆಟ ಕಲಿಸಿದೆ. ಈ ಕಾಗದ ಓದಿದ ಮರುದಿನ ಮಧುಮತಿ ಟೀಚರಿಗೆ ಹೇಳಿ ದೊಡ್ಡ ಚೆಂಡು ತೆಗೆದುಕೋ. ನಿಮ್ಮ ಓಣಿಯ ಆರು ವರ್ಷದ ಮಗು ಯಾವುದಾದರೂ ಸರಿ, ಕರೆದುಕೊಂಡು ಹೋಗು. ಹುಲ್ಲಿರುವ ಜಾಗದಲ್ಲಿ ನಿಲ್ಲಿಸಿ, ಇದ್ದಬಿದ್ದ ಶಕ್ತಿಯೆಲ್ಲ ಹಾಕಿ ಒದೆ ಎಂದು ಹೇಳು. ಮೂರು ಸಲ ಒದೆಸು. ನೀನೇ ಹೆಜ್ಜೆ ಹಾಕಿ ಎಣಿಸು. ಆಮೇಲೆ ನಲವತ್ತು ಹೆಜ್ಜೆ ನಡೆದು ಹೋಗಿ ನಿಂತು, ತಿರುಗಿ ಆ ಮಗುವನ್ನು ನೋಡು. ನಲವತ್ತು ಹೆಜ್ಜೆಯಾಚೆ ಅದು ಎಷ್ಟು ಸಣ್ಣದಾಗಿ ಕಾಣುತ್ತದೆ ಎಂದು ನೋಡು. ನೀನು ಅಂದು ಅದಕ್ಕಿಂತ ಸಣ್ಣವಳಿದ್ದೆ, ನಿನ್ನ ಓರಗೆಯವರಲ್ಲಿ ನೀನೇ ಗಿಡ್ಡಿ. ಈಗಿನ ಎತ್ತರ ಬಂದದ್ದು ಆಮೇಲೆ.

ಇಷ್ಟಾದ ಮೇಲೂ ನಂಬಿಕೆ ಬರದಿದ್ದರೆ ಸಿದರಾಯನನ್ನು ಕೇಳು. ನಿನ್ನ ಮಾವ ಚನಮಲ್ಲಪ್ಪ ವಾರಕ್ಕೊಮ್ಮೆ ಆ ಕಡೆ ಹೋಗುತ್ತಾನಲ್ಲ, ಕರೆದುಕೊಂಡು ಹೋಗುತ್ತಾನೆ.

ನೀನು ಆಡಬೇಕು ಎಂದು ನಾನು ಹೇಳುವುದಿಲ್ಲ. ಜಮಖಂಡಿಗೆ ಹೋಗುವುದು ಬಿಡುವುದು ನಿನ್ನ ಮನಸ್ಸು. ಫುಟ್‌ಬಾಲ್ ಆಡದೆ ಯಾರೂ ಕೆಟ್ಟಿಲ್ಲ. ಆದರೆ ಆಡುವುದಿಲ್ಲ ಎಂದು ಹೇಳುವುದಾದರೆ ಅದಕ್ಕೆ ಕಾರಣ ಬೇರೆ ಇರಲಿ. ಬಿಸಿಲು ತಾಳುವುದಿಲ್ಲ ಎನ್ನು, ಓದುವುದಿದೆ ಎನ್ನು, ಆ ಆಟವೇ ಸೇರುವುದಿಲ್ಲ ಎನ್ನು. ನಿನ್ನ ಕಾಲು ಯಾರ ಜೀವವನ್ನೂ ತೆಗೆದಿಲ್ಲ. ಅದು ಐದಾರು ಹೆಜ್ಜೆ ಚೆಂಡು ಉರುಳಿಸಿತು, ಅಣ್ಣ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ನಿನ್ನ ಪಾಲಿಗೆ ಆ ದಿನ ಅಷ್ಟೇ. ಉಳಿದದ್ದೆಲ್ಲ ನನ್ನದು.

ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ. ಹಬ್ಬಕ್ಕೆ ಬಂದಾಗ ಚಹಾ ತಂದು ಕೊಡಬೇಡ, ಮಾತನಾಡಿಸಬೇಡ, ನಾನು ಪಡಸಾಲೆಯಲ್ಲಿ ಕುಳಿತು ಎದ್ದು ಬರುತ್ತೇನೆ. ಬರುವುದೇ ಬೇಡ ಎಂದರೆ ಬರುವುದಿಲ್ಲ. ಕ್ಷಮಿಸು ಎಂದು ಬರೆಯಲು ನಾಲ್ಕು ಸಲ ಪೆನ್ನು ಎತ್ತಿದೆ. ಆ ಮಾತು ಕೇಳಿದರೆ ನೀನು ಕೂಡಲೇ ಕ್ಷಮಿಸಿಬಿಡುತ್ತೀ ಎಂಬ ಅಂಜಿಕೆಯಿಂದ ಬರೆದಿಲ್ಲ.

ನಿನ್ನ ಅಪ್ಪ,
ದುಂಡೇಶ

ತಾ.ಕ.: ಅನುರಾಧಾ, ಈ ಕಾಗದವನ್ನು ನೀನೇ ಮೊದಲು ಒಡೆಯುತ್ತೀ ಎಂದು ಗೊತ್ತಿದ್ದು ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಆ ಹೊಂಡ ಯಾರು ತೋಡಿದರು ಎಂದು ನೀನು ವರ್ಷವಿಡೀ ಕಂಡಕಂಡವರನ್ನು ಕೇಳಿದೆ. ಯಾರೋ ಗುತ್ತಿಗೆದಾರರಿರಬೇಕು ಎಂದು ನಾನು ಹೇಳಿದೆ, ಮಗಳಿಗೂ ಯಾರೋ ಎಂದೇ ಬರೆದಿದ್ದೇನೆ. ತೋಡಿಸಿದವನು ನಾನು. ಆ ಬೇಸಿಗೆಯಲ್ಲಿ ನೀರು ಇಳಿದಾಗ ಎಲ್ಲರೂ ತಮ್ಮ ತಮ್ಮ ಹೊಲದ ಮಣ್ಣನ್ನು ಹೊಸ ಹೊಲಗಳಿಗೆ ಹೇರುತ್ತಿದ್ದರು. ಇಲ್ಲಿಯ ಮೈದಾನ ಬರೀ ಗರಸು, ಸಂಜುನ ಮೊಣಕಾಲು ವಾರಕ್ಕೊಮ್ಮೆ ಕೆತ್ತಿ ರಕ್ತ ಬರುತ್ತಿತ್ತು, ನೀನೇ ಅರಿಷಿಣ ಹಚ್ಚುತ್ತಿದ್ದೆ. ಹಳೆಯ ಶಾಲೆಯ ಮೈದಾನ ಯಾರ ಸ್ವಂತದ್ದೂ ಅಲ್ಲವೆಂದು ಅಲ್ಲಿಯ ಮೆತ್ತನೆ ಮಣ್ಣನ್ನು ನಲವತ್ತು ಟ್ರಾಲಿ ತರಿಸಿ ಇಲ್ಲಿ ಹರಡಿಸಿದೆ. ಆ ಟ್ರ್ಯಾಕ್ಟರಿನವರಿಗೆ ನೀನು ಚಹಾ ಮಾಡಿ ಕೊಟ್ಟಿದ್ದೆ. ಎಲ್ಲಿಂದ ತಂದದ್ದು ಎಂದು ನೀನು ಕೇಳಲಿಲ್ಲ, ಆಮೇಲೆ ನಾನು ಹೇಳಲಿಲ್ಲ. ತೋಡಿಸುವಾಗ ಆ ಮೈದಾನದ ಬೇವಿನ ಮರ ನನ್ನ ಎಡಕ್ಕಿತ್ತು. ದಸರೆಯ ಹೊತ್ತಿಗೆ ಮರ ಕಡಿದಿದ್ದರು, ಎಲ್ಲ ಕಡೆ ನೀರು, ನನಗೆ ದಿಕ್ಕು ತಪ್ಪಿತು. ಹೊಂಡ ಆ ಕಡೆ ಇದೆ ಎಂದುಕೊಂಡು ಅವನನ್ನು ಈ ಕಡೆ ಕಳಿಸಿದೆ.

ನೀನು ಹೋಗುವಾಗ 'ಈ ಗ್ರೌಂಡ ಬಿಟ್ಟ ಬರ್ರಿ, ಬನಹಟ್ಟ್ಯಾಗ ಏನರ ಮಾಡೂಣು' ಎಂದಿದ್ದೆ. ನಾನು ಬರಲಿಲ್ಲ. ಹೆಂಡತಿ ಮಗಳಿಗಿಂತ ಆಟ ಹೆಚ್ಚಾಯಿತು ಎಂದು ನೀನು ತಿಳಿದೆ, ನಾನು ತಿಳಿಯಲು ಬಿಟ್ಟೆ. ಆ ಹೊಂಡದ ಮಣ್ಣು ಇಲ್ಲಿ ಹರಡಿದೆ ಅನುರಾಧಾ. ಅದನ್ನು ಬಿಟ್ಟು ನಾನು ಎಲ್ಲಿಗೂ ಬರಲಾರೆ.

ಹೊಂಡದ ಮಾತನ್ನು ಪೂನಮ್‌ಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದೇನೆ. ಚೆಂಡಿನ ಮಾತನ್ನು ಮಾತ್ರ ಸಂಜೆಯವರೆಗೆ ಇಟ್ಟುಕೊಳ್ಳಬೇಡ. ಈಗಲೇ ಓದಿ ಹೇಳು, ಆಕೆ ಉಣ್ಣಲಿ.